ಹಳೆಯ ಸೈನಿಕ ಕೋವಿಗಳ ಸಂಗ್ರಹ: ಉತ್ಸಾಹ ತಗ್ಗಿದಾಗ ಮುಂದಿರುವ ದಾರಿಗಳ ಹೋಲಿಕೆ

ನನ್ನ ಮನೆಯಲ್ಲಿ 31 ಸೈನಿಕ ಕೋವಿಗಳಿದ್ದ ಕಾಲದಲ್ಲಿ, ಅಂಚೆಯಲ್ಲಿ ಬಂದ ಹರಾಜಿನ ಪಟ್ಟಿಯೊಂದು ಮೂರು ವಾರ ಲಕೋಟೆಯೊಳಗೇ ಉಳಿದುಹೋಯಿತು. ಅದಕ್ಕೆ ಮೊದಲೆಲ್ಲ ಅಂಥ ಪಟ್ಟಿ ಬಂದ ದಿನ ರಾತ್ರಿಯ ಊಟ ತಡವಾಗುತ್ತಿತ್ತು. ಒಂದೊಂದು ಚಿತ್ರವನ್ನೂ ಭೂತಗನ್ನಡಿ ಹಿಡಿದು ನೋಡದೆ ನಾನು ಏಳುತ್ತಿರಲಿಲ್ಲ. ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಅಜ್ಜನ ಕೇಪಿನ ಕೋವಿಗೆ (ಪುಟ್ಟ ಸಿಡಿಮದ್ದಿನ ಟೊಪ್ಪಿಗೆ ಸಿಡಿದು ಹೊತ್ತಿಕೊಳ್ಳುವ ಕೋವಿ) ಎಣ್ಣೆ ಸವರುತ್ತ ಬೆಳೆದ ನಾನು, ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ನೆಲೆಸಿದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ 1880ರ ದಶಕದವರೆಗೆ ಭಾರತದಲ್ಲಿ ಬಳಕೆಯಲ್ಲಿದ್ದ ಸೈನಿಕ ಕೋವಿಗಳನ್ನು 22 ವರ್ಷಗಳಿಂದ ಸಂಗ್ರಹಿಸುತ್ತ ಬಂದಿದ್ದೇನೆ. ತೆರೆಯದೆ ಉಳಿದಿದ್ದ ಆ ಲಕೋಟೆ ಕಣ್ಣಿಗೆ ಬಿದ್ದ ದಿನ ನನಗಾದದ್ದು ಬೇಸರಕ್ಕಿಂತ ಹೆಚ್ಚಾಗಿ ದಿಗಿಲು. ಇಷ್ಟು ವರ್ಷ, ಇಷ್ಟು ಹಣ, ಮನೆಯವರ ಇಷ್ಟು ಸಹನೆ, ಎಲ್ಲವನ್ನೂ ಬೇಡಿದ ಹವ್ಯಾಸವೊಂದು ಸದ್ದಿಲ್ಲದೆ ಆರಿಹೋಗುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ, ಮುಂದಿನ ಎರಡು ವರ್ಷಗಳಲ್ಲಿ ನಾನು ಹಲವು ದಾರಿಗಳನ್ನು ಪರೀಕ್ಷಿಸಿದೆ. ಇದೇ ಸ್ಥಿತಿಯಲ್ಲಿರುವವರಿಗೆ ನೆರವಾಗಲೆಂದು ಆ ದಾರಿಗಳನ್ನು ಇಲ್ಲಿ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸುತ್ತಿದ್ದೇನೆ.

ತಗ್ಗಿರುವುದು ಯಾವುದು ಎಂಬುದನ್ನು ಮೊದಲು ಗುರುತಿಸಬೇಕು

ಉತ್ಸಾಹ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಹುಡುಕುವ ಮತ್ತು ಕೊಳ್ಳುವ ಹುರುಪು ಒಂದು; ನಳಿಗೆಯ ಕಂದು ಬಣ್ಣವನ್ನೂ ವಾಲ್ನಟ್ ಮರದ ನುಣುಪನ್ನೂ ಕೈಯಲ್ಲಿ ಅನುಭವಿಸುವ ಸುಖ ಇನ್ನೊಂದು; ಆ ಕೋವಿಯ ಹಿಂದಿನ ಚರಿತ್ರೆಯನ್ನು ಅರಿಯುವ ಕುತೂಹಲ ಮತ್ತೊಂದು; ಇದೇ ಗೀಳಿನ ಸ್ನೇಹಿತರ ಒಡನಾಟ, ಮೈದಾನದಲ್ಲಿ ಈಡು ಹಾರಿಸುವ ಸಂತೋಷ ಬೇರೆಯೇ. ಇವೆಲ್ಲ ಒಂದೇ ಸಲ ಬತ್ತುವುದು ಅಪರೂಪ. ನನ್ನ ಅನುಭವದಲ್ಲೂ, ನಾನು ಬಲ್ಲ ಬಹುಮಂದಿ ಸಂಗ್ರಾಹಕರ ಅನುಭವದಲ್ಲೂ, ಮೊದಲು ಬತ್ತುವುದು ಕೊಳ್ಳುವ ಹುರುಪು. ಅದು ಬತ್ತಿದಾಗ ಹವ್ಯಾಸವೇ ಮುಗಿಯಿತೆಂದು ತಿಳಿದು ಇಡೀ ಸಂಗ್ರಹವನ್ನು ಮಾರಿದವರು, ಒಂದೆರಡು ವರ್ಷಗಳ ಬಳಿಕ ಹರಾಜಿನ ಕೋಣೆಯ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವುದನ್ನು ನಾನು ಕಂಡಿದ್ದೇನೆ.

ಕೊಳ್ಳುವ ಹುರುಪು ಬತ್ತುವುದಕ್ಕೆ ಹೊರಗಿನ ಕಾರಣಗಳೂ ಇರುತ್ತವೆ. ಅಮೆರಿಕದಲ್ಲಿ 2000ದ ದಶಕದಲ್ಲಿ ನೂರು ಡಾಲರಿಗೂ ಕಡಿಮೆಗೆ ಸಿಗುತ್ತಿದ್ದ ರಷ್ಯಾದ ಮೋಸಿನ್-ನಗಾಂತ್ ರೈಫಲುಗಳು, ಹೊರದೇಶದ ದಾಸ್ತಾನುಗಳು ಬರಿದಾಗುತ್ತ ಬಂದಂತೆ, ಅದರ ಹಲವು ಪಟ್ಟು ಬೆಲೆಗೆ ಏರಿದವು. ಅಗ್ಗದ ಬೆಲೆಯ ಮೇಲೆಯೇ ನಿಂತಿದ್ದ ಉತ್ಸಾಹ ಬೆಲೆಯೇರಿದಾಗ ಕುಸಿದರೆ ಆಶ್ಚರ್ಯವಿಲ್ಲ. ಬ್ರಿಟನ್ನಿನಲ್ಲಿ 2021ರ ಮಾರ್ಚ್ 22ರಂದು ಜಾರಿಗೆ ಬಂದ ಪುರಾತನ ಬಂದೂಕುಗಳ ನಿಯಮಾವಳಿಯು, ಅದುವರೆಗೆ ಬಳಕೆ ತಪ್ಪಿದವೆಂದು ಪರಿಗಣಿಸಲಾಗಿದ್ದ ಏಳು ಬಗೆಯ ತೋಟಾಗಳನ್ನು ಪರವಾನಗಿ ವಿನಾಯಿತಿಯ ಪಟ್ಟಿಯಿಂದ ಕೈಬಿಟ್ಟಿತು. ನನ್ನ ಪರಿಚಿತರೊಬ್ಬರು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ 1873ರ ಮಾದರಿಯ ಫ್ರೆಂಚ್ ಸೈನ್ಯದ ರಿವಾಲ್ವರ್ ಹೀಗೆ ಇದ್ದಕ್ಕಿದ್ದಂತೆ ಪರವಾನಗಿ ಬೇಡುವ ಆಯುಧವಾಯಿತು. ಅವರಿಗೆ ಬೇಸರ ತಂದದ್ದು ಕೋವಿಯಲ್ಲ, ಕಾಗದಪತ್ರ. ಅಂಥವರು ಹವ್ಯಾಸವನ್ನು ಬಿಡಬೇಕಿಲ್ಲ. ತೋಟಾ ಕಾಲಕ್ಕಿಂತ ಹಿಂದಿನ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗಳ ಕಡೆಗೆ ಸರಿದುಕೊಂಡರೆ ಸಾಕು.

ಒಳಗಿನ ಕಾರಣ ಬೇರೆ, ಅದರ ಬಗ್ಗೆ ಸಂಗ್ರಾಹಕರು ಬಾಯಿ ಬಿಡುವುದು ಕಡಿಮೆ. ನನ್ನ ಬಳಿ 39 ಅಂಗುಲ ನಳಿಗೆಯ ಇಂಡಿಯಾ ಪ್ಯಾಟರ್ನ್ ಚಕಮಕಿ ಕೋವಿಯೊಂದಿದೆ. ಅದರ ಲಾಕ್‌ಪ್ಲೇಟಿನ (ಚಕಮಕಿಯ ಯಂತ್ರವನ್ನು ಹೊತ್ತ ಪಕ್ಕದ ತಗಡಿನ) ಮೇಲೆ ನಾಲ್ಕು ಭಾಗ ಮಾಡಿದ ಹೃದಯದಾಕಾರದ ಕಂಪನಿ ಗುರುತಿದೆ. 1808ರ ಹೊತ್ತಿಗೆ ಆ ಗುರುತಿನ ಜಾಗದಲ್ಲಿ ಮುಂಗಾಲೆತ್ತಿ ನಿಂತ ಸಿಂಹ ಬಂದದ್ದರಿಂದ, ಈ ಕೋವಿ ಅದಕ್ಕಿಂತ ಹಿಂದಿನದೆಂದು ತಿಳಿಯುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಕಂಪನಿಯ ಸಿಪಾಯಿಗಳ ಹೆಗಲ ಮೇಲಿದ್ದದ್ದು ಇದೇ ಮಾದರಿ. ಹಲವು ವರ್ಷ ಹೆಮ್ಮೆಯಿಂದ ಅತಿಥಿಗಳ ಕೈಗೆ ಕೊಡುತ್ತಿದ್ದ ಅದನ್ನು, ಒಮ್ಮೆ ಊರಿನಿಂದ ಬಂದಿದ್ದ ಚಿಕ್ಕಮ್ಮ ನೋಡಿ, "ಇದರಿಂದ ನಮ್ಮವರನ್ನೇ ಹೊಡೆದದ್ದಲ್ಲವೇನೋ?" ಎಂದು ಕೇಳಿದರು. ಆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಇಂಥ ಕಸಿವಿಸಿಯಿಂದ ತಗ್ಗಿದ ಉತ್ಸಾಹಕ್ಕೆ ಹೊಸದೊಂದನ್ನು ಕೊಂಡು ಮದ್ದು ಮಾಡಲಾಗದು. ಮಾರಿದರೂ ಕಸಿವಿಸಿ ಕೋವಿಯ ಜೊತೆಯಲ್ಲಿ ಮನೆ ಬಿಟ್ಟು ಹೋಗುವುದಿಲ್ಲ. ಇದಕ್ಕೆ ನನಗೆ ಸಿಕ್ಕ ಉತ್ತರವನ್ನು ಮುಂದೆ ಹೇಳುತ್ತೇನೆ.

ಮೊದಲಿನಂತೆಯೇ ಕೊಳ್ಳುತ್ತ ಹೋಗುವುದು

ಮುಂದಿನ ಕೋವಿ ಬಂದರೆ ಹುರುಪೂ ಮರಳುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ದಾರಿ ಇದು. ನಾನು ಒಂದು ವರ್ಷ ಹೀಗೆ ನಡೆದು ಐದು ಕೋವಿಗಳನ್ನು ಕೊಂಡೆ. ಅವುಗಳಲ್ಲಿ ಮೂರರ ಸುತ್ತಿದ್ದ ಬಟ್ಟೆಯನ್ನು ತಿಂಗಳುಗಟ್ಟಲೆ ಬಿಚ್ಚಲಿಲ್ಲ. ಅಷ್ಟೇ ಅಲ್ಲ, ಮನಸ್ಸಿಲ್ಲದೆ ಕೊಳ್ಳುವವನ ಕಣ್ಣು ಮಂಕಾಗಿರುತ್ತದೆ. ಅದೇ ವರ್ಷ ವ್ಯಾಪಾರಿಯೊಬ್ಬರಿಂದ ಕೊಂಡ, ಬ್ರಿಟಿಷ್ ಸೈನ್ಯದ ಮಾರ್ಟಿನಿ-ಹೆನ್ರಿ ಮಾದರಿಯ ಕೋವಿಯ ಮೇಲೆ ವಿಕ್ಟೋರಿಯಾ ರಾಣಿಯ ಕಿರೀಟ ಮತ್ತು ಹೆಸರಿನ ಮೊದಲಕ್ಷರಗಳ ಕೆಳಗೆ 1906 ಎಂಬ ಇಸವಿ ಇತ್ತು. ರಾಣಿ ತೀರಿಕೊಂಡದ್ದು 1901ರಲ್ಲಿ ಎಂಬುದು ನನಗೆ ಗೊತ್ತಿಲ್ಲದ ವಿಷಯವೇ? ಅದು ಖೈಬರ್ ಕಣಿವೆಯ ಕಡೆಯ ಕಮ್ಮಾರಸಾಲೆಗಳಲ್ಲಿ ಕೈಯಿಂದ ಮಾಡಿದ ನಕಲು. ತಿರುಗುಮುರುಗಾದ ಅಕ್ಷರ, ತಪ್ಪಾದ ಕಾಗುಣಿತ, ಹೊಂದದ ಇಸವಿ ಇವು ಅಂಥ ನಕಲುಗಳ ಲಕ್ಷಣವೆಂದು ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ. ಆ ಕೋವಿಗೂ ಅದರದೇ ಬೆಲೆಯುಂಟು, ಆದರೆ ನಾನು ಕೊಟ್ಟದ್ದು ಆ ಬೆಲೆಯನ್ನಲ್ಲ. ಈ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಹರವನ್ನು ಕಿರಿದುಗೊಳಿಸಿ ಆಳಕ್ಕೆ ಇಳಿಯುವುದು

ಚರಿತ್ರೆಯ ಕುತೂಹಲ ಇನ್ನೂ ಉಳಿದಿದ್ದರೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದು ನನ್ನ ತೀರ್ಮಾನ. ಆದರೆ ಕಿರಿದುಗೊಳಿಸುವುದರಲ್ಲಿಯೂ ಬಗೆಗಳಿವೆ, ಅವುಗಳ ಖರ್ಚೂ ಫಲವೂ ಒಂದೇ ಸಮನಲ್ಲ.

ಒಂದು ಮಾದರಿಯನ್ನು ಹಿಡಿದುಕೊಳ್ಳುವುದು ಮೊದಲನೆಯ ಬಗೆ. 1853ರ ಎನ್‌ಫೀಲ್ಡ್ ರೈಫಲನ್ನು ತೆಗೆದುಕೊಳ್ಳೋಣ: 0.577 ಅಂಗುಲದ ಒಳಹರವು, 39 ಅಂಗುಲದ ನಳಿಗೆ, ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರು ಪಟ್ಟಿಗಳು. ದೂರದಿಂದ ನೋಡಿದರೆ ಎಲ್ಲವೂ ಒಂದೇ. ಆದರೆ ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯಲ್ಲಿ ಅಮೆರಿಕದಿಂದ ತರಿಸಿದ ಯಂತ್ರಗಳಿಂದ ಮಾಡಿದ ಕೋವಿಯ ಬಿಡಿಭಾಗ ಅದೇ ಕಾರ್ಖಾನೆಯ ಇನ್ನೊಂದಕ್ಕೆ ಹೊಂದುತ್ತದೆ. ಬರ್ಮಿಂಗ್‌ಹ್ಯಾಮಿನ ಗುತ್ತಿಗೆದಾರರು ಕೈಯಿಂದ ಅರೆದು ಕೂರಿಸಿದ್ದರ ಭಾಗ ಅದೊಂದಕ್ಕೇ ಸರಿ. 1866ರಿಂದ ಇವುಗಳಲ್ಲಿ ಹಲವನ್ನು ಹಿಂಬದಿಯಿಂದ ತೋಟಾ ಹಾಕುವ ಸ್ನೈಡರ್ ಕೋವಿಗಳಾಗಿ ಮಾರ್ಪಡಿಸಲಾಯಿತು, 1871ರಲ್ಲಿ ಮಾರ್ಟಿನಿ-ಹೆನ್ರಿ ಬಂದು ಸ್ನೈಡರನ್ನು ಹಿಂದಕ್ಕೆ ಸರಿಸಿತು. ಒಂದು ಮಾದರಿಯನ್ನು ಹಿಡಿದವನಿಗೆ ಕೈಗಾರಿಕೆಯ ಇತಿಹಾಸವೇ ಕಪಾಟಿನೊಳಗೆ ಬಂದು ಕೂರುತ್ತದೆ. ಬೆಲೆ ತೀರ ದುಬಾರಿಯಲ್ಲ, ಸಿಗುವುದೂ ಕಷ್ಟವಲ್ಲ.

ನನ್ನ ಕಸಿವಿಸಿಗೆ ಉತ್ತರ ಸಿಕ್ಕಿದ್ದೂ ಈ ಮಾದರಿಯ ಒಂದು ಕವಲಿನಲ್ಲಿ. 1857ರಲ್ಲಿ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ಕಾಗದದ ತೋಟಾದ ಸುತ್ತ ಎದ್ದ ಕಿಡಿ ಯಾರಿಗೆ ಗೊತ್ತಿಲ್ಲ? ಆ ದಂಗೆಯನ್ನು ಅಡಗಿಸಿದ ಮೇಲೆ, ಭಾರತೀಯ ಸಿಪಾಯಿಗಳಿಗೆಂದೇ 1858ರ ಮಾದರಿಯೊಂದನ್ನು ರೂಪಿಸಲಾಯಿತು. ಹೊರನೋಟಕ್ಕೆ ಅದೇ ಎನ್‌ಫೀಲ್ಡ್. ನಳಿಗೆಯ ಒಳಗೆ ಮಾತ್ರ ಗುಂಡನ್ನು ತಿರುಗಿಸಿ ದೂರಕ್ಕೆ ಗುರಿಗೊಯ್ಯುವ ಗೀರುಗಳಿಲ್ಲ. 0.656 ಅಂಗುಲದ ನುಣ್ಣನೆಯ ಕೊಳವೆ, ಮೇಲೆ ದೂರಕ್ಕೆ ಹೊಂದಿಸಲಾಗದ ಗುರಿಕಟ್ಟು. ಸಿಪಾಯಿಯ ಕೈಗೆ ಬಿಳಿಯ ಸೈನಿಕನ ಕೋವಿಯಷ್ಟು ದೂರ ಹೊಡೆಯುವ ಕೋವಿ ಬೀಳಬಾರದು ಎಂಬ ಅಪನಂಬಿಕೆಯನ್ನು ಅಲ್ಲಿ ಕಿರುಬೆರಳನ್ನು ನಳಿಗೆಯ ಬಾಯಿಗಿಟ್ಟು ಮುಟ್ಟಿ ತಿಳಿಯಬಹುದು. ಆ ಕೋವಿಯನ್ನು ಕಂಡಂದಿನಿಂದ ನನ್ನ ಸಂಗ್ರಹ ಹೆಮ್ಮೆಯ ಪ್ರದರ್ಶನವಾಗಿ ಉಳಿಯದೆ ಸಾಕ್ಷ್ಯಗಳ ಕೋಣೆಯಾಗಿ ಬದಲಾಯಿತು. ಚಿಕ್ಕಮ್ಮನ ಪ್ರಶ್ನೆಗೆ "ಹೌದು, ಚಿಕ್ಕಮ್ಮ, ಹೇಗೆ ಹೊಡೆದರು ಎಂಬುದೂ ಇದರಲ್ಲೇ ಬರೆದಿದೆ" ಎಂದು ಈಗ ಹೇಳಬಲ್ಲೆ.

ಒಂದು ಮೂಲಸ್ಥಳವನ್ನು ಹಿಡಿದುಕೊಳ್ಳುವುದು ಎರಡನೆಯ ಬಗೆ. 2003ರಲ್ಲಿ ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ಕೂಡಿಟ್ಟಿದ್ದ ನೇಪಾಳ ಸೈನ್ಯದ ಹಳೆಯ ದಾಸ್ತಾನನ್ನು ಎರಡು ಸಂಸ್ಥೆಗಳು ಸೇರಿ ಕೊಂಡು ಅಮೆರಿಕಕ್ಕೆ ಸಾಗಿಸಿದವು. 50,000ಕ್ಕೂ ಹೆಚ್ಚು ಬಂದೂಕುಗಳಿದ್ದ ಆ ರಾಶಿಯಲ್ಲಿ ಕಂಪನಿಯ ಚಕಮಕಿ ಕೋವಿಗಳಿಂದ ಹಿಡಿದು ಮಾರ್ಟಿನಿ-ಹೆನ್ರಿಗಳವರೆಗೆ, ಜೊತೆಗೆ ನೇಪಾಳದಲ್ಲಿಯೇ ಕೈಯಿಂದ ತಯಾರಿಸಿದ ಗಹೇಂದ್ರ ರೈಫಲುಗಳೂ ಇದ್ದವು. ಇಷ್ಟೊಂದು ಒಮ್ಮೆಗೇ ಮಾರುಕಟ್ಟೆಗೆ ಬಂದದ್ದರಿಂದ ಸಾಮಾನ್ಯರ ಕೈಗೂ ಎಟುಕಿದವು. ಹಲವು ಕೋವಿಗಳು ಒಣಗಿದ ಗ್ರೀಸು, ದಶಕಗಳ ಧೂಳು, ಒಡೆದ ಮರದೊಂದಿಗೆ ಬಂದವು. ಸ್ವಚ್ಛಗೊಳಿಸುವ ಕೆಲಸವೇ ಹಲವರ ಆಸಕ್ತಿಯನ್ನು ಬದುಕಿಸಿತು. ನನಗಂತೂ ಅದರ ಮೇಲೆ ಇನ್ನೊಂದು ಸಂತೋಷ ಕಾದಿತ್ತು. ನಳಿಗೆಯ ಮೇಲೆ ಉಳಿಯಿಂದ ಕೊರೆದ ದೇವನಾಗರಿ ಅಕ್ಷರ ಮತ್ತು ಅಂಕಿಗಳು ಇಲ್ಲಿನ ಬಹುಪಾಲು ಸಂಗ್ರಾಹಕರಿಗೆ ಅಲಂಕಾರದಂತೆ ಕಾಣುತ್ತಿದ್ದವು. ಶಾಲೆಯಲ್ಲಿ ಹಿಂದಿ ಕಲಿತ ನಾನು ಅವುಗಳಲ್ಲಿ ಪಡೆಯ ಹೆಸರನ್ನೂ ವಿಕ್ರಮ ಶಕೆಯ ವರ್ಷವನ್ನೂ ಓದಬಲ್ಲವನಾಗಿದ್ದೆ. ಆ ವರ್ಷದಿಂದ 57 ಕಳೆದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. ತಿಂಗಳಿಗೊಂದೆರಡು ಬಾರಿ ಯಾರಾದರೂ ತಮ್ಮ ನಳಿಗೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ತೆಗೆದ ಅಚ್ಚನ್ನು ಕಳುಹಿಸತೊಡಗಿದರು. ಲಕೋಟೆಗಳನ್ನು ತೆರೆಯದೆ ಬಿಡುವ ಕಾಲ ಅಲ್ಲಿಗೆ ಮುಗಿಯಿತು.

ಮೂರನೆಯ ಬಗೆಯೆಂದರೆ ಒಬ್ಬ ದೊರೆಯನ್ನೋ ಒಂದು ರಾಜ್ಯವನ್ನೋ ಹಿಡಿದುಕೊಳ್ಳುವುದು. ಕನ್ನಡಿಗರಿಗೆ ತಟ್ಟನೆ ನೆನಪಾಗುವುದು ಟಿಪ್ಪುವಿನ ಕೋವಿಗಳು. ಹುಲಿಪಟ್ಟೆಯ ಅಲಂಕಾರ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ತಯಾರಾದ ಊರಿನ ಹೆಸರು ಇವೆಲ್ಲ ಇರುವ ಆ ಚಕಮಕಿ ಕೋವಿಗಳನ್ನು ಸಾಮಾನ್ಯ ಸಂಗ್ರಾಹಕ ಕೊಳ್ಳುವ ಕನಸನ್ನೂ ಕಾಣಬೇಕಾಗಿಲ್ಲ. ಆದರೆ ಇಂಗ್ಲೆಂಡಿನ ರಾಬಿನ್ ವಿಗಿಂಗ್ಟನ್ ಅವರ ಉದಾಹರಣೆಯನ್ನು ಪ್ರತಿಯೊಬ್ಬ ಸಂಗ್ರಾಹಕನೂ ತಿಳಿದಿರಬೇಕು. ಅವರು ಟಿಪ್ಪುವಿನ ಆಯುಧಗಳನ್ನೇ ಹುಡುಕಿ ಕೂಡಿಸಿ, ಆ ಬಂದೂಕುಗಳ ಕುರಿತು 1992ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. 2005ರಲ್ಲಿ ಆ ಸಂಗ್ರಹ ಲಂಡನ್ನಿನಲ್ಲಿ ಹರಾಜಾಯಿತು. ಕೋವಿಗಳು ಬೇರೆ ಬೇರೆ ಕೈಗಳಿಗೆ ಹೋದರೂ, ಅವುಗಳ ಅಳತೆ, ಗುರುತು, ಬರಹಗಳ ದಾಖಲೆ ಒಂದೆಡೆ ಉಳಿಯಿತು. ಹಾಗೆಯೇ, ಆಸಕ್ತಿಗೆ ಒಡೆತನ ಬೇಕೇಬೇಕೆಂದಿಲ್ಲ. 1996ರಲ್ಲಿ ಲೀಡ್ಸಿನಲ್ಲಿ ತೆರೆದ ರಾಯಲ್ ಆರ್ಮರೀಸ್ ವಸ್ತುಸಂಗ್ರಹಾಲಯ ನನ್ನ ಮನೆಗೆ ಹತ್ತಿರ. ಊರಿಗೆ ಹೋದಾಗ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋಗಿ, 2018ರಲ್ಲಿ ನಗರ ಎಂಬ ಊರಿನ ಪಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ದೊರೆತ ಮೈಸೂರಿನ ರಾಕೆಟ್ಟುಗಳನ್ನು ನೋಡಿದೆ. ತುಕ್ಕು ಹಿಡಿದ ಆ ಕಬ್ಬಿಣದ ಕೊಳವೆಗಳ ಮುಂದೆ ನಿಂತಿದ್ದ ಅರ್ಧ ಗಂಟೆ, ನಾನು ಕೊಂಡ ಯಾವ ಕೋವಿಗಿಂತಲೂ ಕಡಿಮೆಯ ಸಂತೋಷ ಕೊಡಲಿಲ್ಲ.

ಕಪಾಟಿನಿಂದ ಮೈದಾನಕ್ಕೆ

ಕೋವಿ ಬರಿಯ ಪ್ರದರ್ಶನದ ವಸ್ತುವಾಗಿ ನೀರಸವೆನಿಸಿದವರಿಗೆ ಈಡು ಹಾರಿಸುವುದು ಹೊಸ ಜೀವ ಕೊಡಬಲ್ಲದು. ಬ್ರಿಟನ್ನಿನಲ್ಲಿ ಬಾಯಿಂದ ಮದ್ದು ತುಂಬುವ ಕೋವಿಗಳ ಸಂಘವು 1952ರಿಂದ ನಡೆದುಬಂದಿದೆ. 1890ರಿಂದ ಬಿಸ್ಲಿಯಲ್ಲಿರುವ ರಾಷ್ಟ್ರೀಯ ರೈಫಲ್ ಸಂಘದ ಮೈದಾನದಲ್ಲಿ ಹಳೆಯ ಕೋವಿಗಳ ಸ್ಪರ್ಧೆಗಳೂ ನಡೆಯುತ್ತವೆ. ಎರಡೂವರೆ ಡ್ರಾಮ್ (ಸುಮಾರು ನಾಲ್ಕೂವರೆ ಗ್ರಾಂ) ಕರಿಮದ್ದು ಸುರಿದು, 530 ಗ್ರೇನ್ (ಸುಮಾರು 34 ಗ್ರಾಂ) ತೂಕದ ಸೀಸದ ಗುಂಡನ್ನು ಗಜದಿಂದ (ತುಂಬುವ ಕೋಲಿನಿಂದ) ಕೆಳಗಿಳಿಸಿ, ಕೇಪು ಕೂರಿಸಿ, ಕೋವಿಯ ಕುದುರೆ (ಕೇಪನ್ನು ಬಡಿಯುವ ಸುತ್ತಿಗೆ) ಎಳೆದು ಬಿಲ್ಲು (ಟ್ರಿಗರ್) ಒತ್ತಿದಾಗ ಏಳುವ ಬಿಳಿಯ ಹೊಗೆಯೊಳಗೆ ನಿಂತವನಿಗೆ, ಅಂದಿನ ಸೈನಿಕನಿಗೆ ಎರಡನೆಯ ಈಡಿನ ಹೊತ್ತಿಗೆ ಎದುರಾಳಿ ಏಕೆ ಕಾಣುತ್ತಿರಲಿಲ್ಲ ಎಂಬುದು ಯಾವ ವಿವರಣೆಯೂ ಇಲ್ಲದೆ ತಿಳಿಯುತ್ತದೆ.

ಆದರೆ ಈ ದಾರಿಗೆ ತೆರಬೇಕಾದ ಬೆಲೆಯನ್ನು ಮೊದಲೇ ಎಣಿಸಬೇಕು. 1968ರ ಬ್ರಿಟಿಷ್ ಕಾಯಿದೆಯ ಪ್ರಕಾರ ಪುರಾತನ ಕೋವಿಯನ್ನು ಕುತೂಹಲದ ಅಥವಾ ಅಲಂಕಾರದ ವಸ್ತುವಾಗಿ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ; ಹಾರಿಸುವ ಉದ್ದೇಶ ಬಂದ ಕ್ಷಣದಿಂದ ಅದೇ ಕೋವಿಗೆ ಪೊಲೀಸರ ಪರವಾನಗಿ ಬೇಕು, ಕರಿಮದ್ದು ಇಟ್ಟುಕೊಳ್ಳಲು ಸ್ಫೋಟಕಗಳ ಪ್ರಮಾಣಪತ್ರ ಬೇರೆ ಬೇಕು. ಪರಿಣತ ಬಂದೂಕು ಕೆಲಸಗಾರರಿಂದ ನಳಿಗೆಯ ಪರೀಕ್ಷೆ ಆಗಬೇಕು, ಕರಿಮದ್ದಿನ ಬದಲು ಆಧುನಿಕ ಮದ್ದನ್ನು ಎಂದೂ ತುಂಬಬಾರದು, ಹಾರಿಸಿದ ದಿನವೇ ಬಿಸಿನೀರಿನಿಂದ ನಳಿಗೆಯನ್ನು ತೊಳೆದು ಒಣಗಿಸಿ ಎಣ್ಣೆ ಹಾಕಬೇಕು. ಇಲ್ಲದಿದ್ದರೆ ಕರಿಮದ್ದಿನ ಮಸಿ ತೇವವನ್ನು ಹೀರಿ ಬಹುಬೇಗ ತುಕ್ಕು ತರುತ್ತದೆ. 160 ವರ್ಷ ಉಳಿದುಬಂದ ಮೂಲ ಕೋವಿಯನ್ನು ಈ ಸವೆತಕ್ಕೆ ಒಡ್ಡುವುದಕ್ಕಿಂತ, 1970ರ ದಶಕದಲ್ಲಿ ಪಾರ್ಕರ್-ಹೇಲ್ ಸಂಸ್ಥೆ ಮಾಡಿದ ಎನ್‌ಫೀಲ್ಡ್ ಪ್ರತಿಕೃತಿಯಂಥದ್ದನ್ನು ಹಾರಿಸಿ, ಮೂಲವನ್ನು ಕಪಾಟಿನಲ್ಲಿಡುವುದನ್ನೇ ನಾನು ಒಪ್ಪುತ್ತೇನೆ. ಪ್ರತಿಕೃತಿ ಪುರಾತನವಲ್ಲವಾದ್ದರಿಂದ ಅದಕ್ಕೆ ಪರವಾನಗಿ ತಪ್ಪುವುದಿಲ್ಲ ಎಂಬುದೂ ನೆನಪಿರಲಿ. ಒಬ್ಬಂಟಿತನದಿಂದ ಉತ್ಸಾಹ ಕಳೆದುಕೊಂಡವರಿಗೆ ಮೈದಾನ ಉತ್ತಮ. ಸಮಯದ ಅಭಾವದಿಂದ ಕಳೆದುಕೊಂಡವರಿಗೆ ಇದು ಹೊರೆಯ ಮೇಲೊಂದು ಹೊರೆ.

ಏನನ್ನೂ ಮಾಡದೆ ನಿಲ್ಲುವುದು

ಮನೆಯಲ್ಲಿ ಕಾಯಿಲೆ, ಹೊಸ ಕೂಸು, ಕೆಲಸದ ಒತ್ತಡ ಇಂಥ ಕಾರಣಗಳಿರುವಾಗ ಒಂದು ವರ್ಷ ಕೊಳ್ಳದೆ, ಮಾರದೆ ಸುಮ್ಮನಿರುವುದು ಗೌರವದ ನಿರ್ಧಾರವೇ. ಮಾರಾಟದಲ್ಲಿ ಮಾಡಿದ ತಪ್ಪನ್ನು ತಿದ್ದಲಾಗದು, ವಿರಾಮವನ್ನು ಯಾವಾಗ ಬೇಕಾದರೂ ಮುರಿಯಬಹುದು. ಆದರೆ ಉತ್ಸಾಹಕ್ಕೆ ವಿರಾಮ ಕೊಟ್ಟರೂ ತುಕ್ಕು ವಿರಾಮ ತೆಗೆದುಕೊಳ್ಳುವುದಿಲ್ಲ. ಕೋವಿಗಳನ್ನು ಚರ್ಮದ ಚೀಲದಲ್ಲಿ ಇಡಬಾರದು, ಚರ್ಮ ತೇವವನ್ನು ಹಿಡಿದಿಡುತ್ತದೆ. ಕೋಣೆಯ ಗಾಳಿಯ ತೇವಾಂಶ ಶೇಕಡ 50ರ ಆಸುಪಾಸಿನಲ್ಲಿದ್ದರೆ ಕಬ್ಬಿಣಕ್ಕೂ ಮರಕ್ಕೂ ಹಿತ; ತೀರ ಒಣಗಿಸಿದರೆ ಮರ ಬಿರಿಯುತ್ತದೆ. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೂಪುಗೊಂಡ ರೆನೆಸಾನ್ಸ್ ಮೇಣವನ್ನು ತೆಳ್ಳಗೆ ಸವರಿ, ಆರು ತಿಂಗಳಿಗೊಮ್ಮೆ ಹತ್ತಿಯ ಕೈಗವಸು ಹಾಕಿಕೊಂಡು ಪರೀಕ್ಷಿಸಿದರೆ ಸಾಕು. ಕೆಂಪು ತುಕ್ಕನ್ನು ತಡೆಯಬೇಕು. ಕಾಲ ತಂದ ಕಂದು ಬಣ್ಣವನ್ನು ತಂತಿಬ್ರಷ್ ಹಾಕಿ ಉಜ್ಜಿ ಹೊಳಪೇರಿಸುವವರು ಕೋವಿಯ ಬೆಲೆಯನ್ನೂ ಅದರ ಮೇಲಿನ ಗುರುತುಗಳನ್ನೂ ಒಟ್ಟಿಗೆ ಅಳಿಸುತ್ತಾರೆ.

ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳಬೇಕು. ಬಾಯಿಂದ ತುಂಬುವ ಹಳೆಯ ಕೋವಿಗಳಲ್ಲಿ ಕೆಲವು ನೂರಾರು ವರ್ಷಗಳಿಂದ ಈಡು ತುಂಬಿದ ಸ್ಥಿತಿಯಲ್ಲೇ ಇರುತ್ತವೆ, ಕರಿಮದ್ದು ಒಣಗಿದ್ದರೆ ಅದರ ಶಕ್ತಿ ಉಳಿದೇ ಇರುತ್ತದೆ. ನಳಿಗೆಯ ಬಾಯಿಯ ಮುಂದೆ ಮುಖವನ್ನಾಗಲಿ ಕೈಯನ್ನಾಗಲಿ ತರದೆ, ಮರದ ಕೋಲನ್ನು ಪಕ್ಕದಿಂದ ಒಳಗಿಳಿಸಿ ಗುರುತು ಹಾಕಿ, ನಳಿಗೆಯ ಹೊರಗಿನ ಉದ್ದದೊಂದಿಗೆ ಹೋಲಿಸಬೇಕು. ಅಂಗುಲವೋ ಎರಡಂಗುಲವೋ ಕಡಿಮೆ ಬಂದರೆ ಅದನ್ನು ಮುಟ್ಟದೆ ತಿಳಿದವರನ್ನು ಕರೆಯಬೇಕು. ನಾನು ಕಿರುಬೆರಳಿನ ಮಾತು ಹೇಳಿದ್ದು ಈ ಪರೀಕ್ಷೆ ಆದ ಕೋವಿಯ ವಿಷಯದಲ್ಲಿ ಮಾತ್ರ.

ಮಾರುವುದಾದರೆ ಹೇಗೆ, ಯಾರಿಗೆ

ನಾನು ಒಂಬತ್ತನ್ನು ಉಳಿಸಿಕೊಂಡು ಮಿಕ್ಕವನ್ನು ಮಾರಿದೆ. ಎಲ್ಲವನ್ನೂ ಒಂದೇ ಹರಾಜಿಗೆ ಕೊಡುವುದು ಸುಲಭ, ಆದರೆ ಒಂದೇ ಬಗೆಯ ಹತ್ತು ಕೋವಿಗಳು ಒಂದೇ ದಿನ ಬಂದರೆ ತಾವೇ ಪರಸ್ಪರ ಬೆಲೆಯನ್ನು ಕೆಳಗೆಳೆಯುತ್ತವೆ. ಹರಾಜಿನಲ್ಲಿ ಕೊಳ್ಳುವವನು ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇಕಡ 20ಕ್ಕೂ ಹೆಚ್ಚು ಶುಲ್ಕ ಕೊಡಬೇಕಾಗಿರುವುದರಿಂದ ಅವನು ಅಷ್ಟು ಕಡಿಮೆಯೇ ಕೂಗುತ್ತಾನೆ, ಮಾರುವವನಿಂದಲೂ ದಲ್ಲಾಳಿ ಹಣ ಮುರಿಯುತ್ತದೆ. ವ್ಯಾಪಾರಿ ಕೂಡಲೇ ಹಣ ಕೊಡುತ್ತಾನೆ, ಆದರೆ ತನ್ನ ಲಾಭವನ್ನು ಕಳೆದು ಕೊಡುತ್ತಾನೆ. ಇನ್ನೊಬ್ಬ ಸಂಗ್ರಾಹಕನಿಗೆ ನೇರವಾಗಿ ಮಾರಿದರೆ ಇಬ್ಬರಿಗೂ ನ್ಯಾಯದ ಬೆಲೆ ಸಿಗುವುದುಂಟು, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ತುರ್ತಿಲ್ಲದವರು ಮೂರನೆಯದನ್ನೇ ಆರಿಸಲಿ. ಅಪರೂಪದ ಒಂದೆರಡು ವಸ್ತುಗಳಿಗೆ ಮಾತ್ರ, ಹಲವು ದೇಶಗಳ ಕಣ್ಣು ಬೀಳುವ ಹರಾಜು ಮೇಲು.

ಯಾವುದನ್ನು ಮೊದಲು ಮಾರಬೇಕು? ಯಾವ ಕೋವಿಯನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ಪ್ರಶ್ನೆ ಒಂದೂ ಉಳಿದಿಲ್ಲವೋ ಅದನ್ನು. ನಾನು ಮಾತ್ರ ಈ ಕ್ರಮವನ್ನು ಕಲಿಯುವ ಮೊದಲೇ, ಒಳ್ಳೆಯ ಬೆಲೆ ಬರುತ್ತದೆಂದು, ನನ್ನ ಮೊಟ್ಟಮೊದಲ ಸ್ನೈಡರನ್ನು ಕೊಟ್ಟುಬಿಟ್ಟೆ. ಅದನ್ನು ಕೊಂಡವರು ಅದನ್ನು ಮುಂದಕ್ಕೆ ಮಾರಿದರು, ಈಗ ಅದು ಎಲ್ಲಿದೆಯೋ ತಿಳಿಯದು. ಅಂಥದ್ದೇ ಇನ್ನೊಂದನ್ನು ಕೊಳ್ಳಬಹುದಿತ್ತು, ಕೊಳ್ಳಲಿಲ್ಲ. ಬೇಕಾಗಿದ್ದದ್ದು ಅಂಥದ್ದಲ್ಲ, ಅದೇ. ಖೈಬರಿನ ನಕಲನ್ನು ನಕಲೆಂದೇ ಹೇಳಿ ಮಾರಿದೆ, ಅದನ್ನೇ ಹುಡುಕುತ್ತಿದ್ದ ಯುವಕರೊಬ್ಬರು ಸಂತೋಷದಿಂದ ಒಯ್ದರು.

ಅಮೆರಿಕದಲ್ಲಿಯೂ ಊರಿನಲ್ಲಿಯೂ ಇರುವವರಿಗೆ

ಅಮೆರಿಕದ 1968ರ ಒಕ್ಕೂಟ ಕಾಯಿದೆ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದ ಕೋವಿಯನ್ನು ಪುರಾತನವೆಂದು ಪರಿಗಣಿಸಿ ಬಂದೂಕಿನ ವ್ಯಾಖ್ಯೆಯಿಂದಲೇ ಹೊರಗಿಡುತ್ತದೆ. 50 ವರ್ಷ ದಾಟಿದವುಗಳನ್ನು ಸಂಗ್ರಹಿಸಲು ಮೂರು ವರ್ಷಕ್ಕೆ 30 ಡಾಲರ್ ಶುಲ್ಕದ ಸಂಗ್ರಾಹಕರ ಪರವಾನಗಿ ಇದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವ ನಮ್ಮವರು ಒಂದು ವಿಷಯ ಗಮನಿಸಬೇಕು: ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವರು ಬಂದೂಕನ್ನು ಹೊಂದುವುದನ್ನು ಒಕ್ಕೂಟ ಕಾಯಿದೆ ನಿಷೇಧಿಸುತ್ತದೆ. ಪುರಾತನ ಕೋವಿಗಳು ಆ ವ್ಯಾಖ್ಯೆಯ ಹೊರಗಿದ್ದರೂ ರಾಜ್ಯಗಳ ಕಾನೂನು ಬೇರೆಯಿರಬಹುದಾದ್ದರಿಂದ, ವಕೀಲರನ್ನು ಕೇಳದೆ ಮುಂದುವರಿಯುವುದು ಸರಿಯಲ್ಲ.

ಭಾರತದಲ್ಲಿ ಸ್ಥಿತಿ ತೀರ ಬೇರೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಸೆಕ್ಷನ್ ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ, ಆದರೆ ದುರಸ್ತಿ ಮಾಡಿದರೂ ಮಾಡದಿದ್ದರೂ ಅದನ್ನು ಬಂದೂಕಾಗಿ ಬಳಸಲಾಗದು ಎಂಬ ಷರತ್ತಿನೊಂದಿಗೆ. ಹಾಗಾಗಿ ಅಟ್ಟದ ಮೇಲೆ ಸಿಕ್ಕ ಮುತ್ತಜ್ಜನ ಕೇಪಿನ ಕೋವಿ 150 ವರ್ಷ ಹಳೆಯದೆಂಬ ಕಾರಣಕ್ಕೇ ಪರವಾನಗಿಯಿಂದ ಮುಕ್ತವಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿದಿದೆ. ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ತಡೆಯುತ್ತದೆ. ಊರಿನಲ್ಲಿ ಅಜ್ಜನ ಕೋವಿ ಈಗ ಚಿಕ್ಕಪ್ಪನ ಹೆಸರಿನ ಪರವಾನಗಿಯಲ್ಲಿದೆ, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತದೆ, ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸುತ್ತದೆ. ಕೊಡಗಿನಲ್ಲಿಯಂತೂ 1861ರಿಂದ ಬಂದ, ಈಗ 2029ರವರೆಗೆ ವಿಸ್ತರಿಸಲಾಗಿರುವ ವಿನಾಯಿತಿಯಡಿ ಕೋವಿಯು ಕೈಲ್ ಪೊಳ್ದ್ ಹಬ್ಬದಂದು ಹೂವೇರಿಸಿಕೊಳ್ಳುವ ಮನೆಯ ಸದಸ್ಯನಂತಿದೆ. ಅಂಥ ಕೋವಿಗೆ ಉತ್ಸಾಹದ ಹಂಗೇ ಇಲ್ಲ. ಆನುವಂಶಿಕವಾಗಿ ಬಂದ ಒಂದೇ ಕೋವಿಯನ್ನೂ, ಆಸೆಪಟ್ಟು ಕೂಡಿಸಿದ ಮೂವತ್ತನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಮೊದಲನೆಯದನ್ನು ಮಾರುವ ಮುನ್ನ ಮನೆಯವರೆಲ್ಲರನ್ನೂ ಕೇಳಬೇಕು.

ವಸ್ತುಸಂಗ್ರಹಾಲಯಕ್ಕೆ ಕೊಡುವುದು

ಕೊನೆಗೆ ಇದೊಂದಿದೆಯಲ್ಲ ಎಂದು ಬಹಳ ಮಂದಿ ನೆಮ್ಮದಿಯಿಂದಿರುತ್ತಾರೆ. ಆದರೆ ದೊಡ್ಡ ಸಂಗ್ರಹಾಲಯಗಳಲ್ಲಿ ಸಾಮಾನ್ಯ ಮಾದರಿಯ ಕೋವಿಗಳು ಈಗಾಗಲೇ ಹತ್ತಾರಿರುತ್ತವೆ, ಚಿಕ್ಕವುಗಳಲ್ಲಿ ಜಾಗವೂ ಭದ್ರತೆಯ ವ್ಯವಸ್ಥೆಯೂ ಸಾಲದು. ಇಂಥ ಪಡೆಯ ಇಂಥ ಸೈನಿಕ ಇದನ್ನು ಹೊತ್ತಿದ್ದನೆಂದು ದಾಖಲೆ ಸಹಿತ ತೋರಿಸಬಲ್ಲ ಕೋವಿಯನ್ನು ಅವರು ಸ್ವಾಗತಿಸುತ್ತಾರೆ. ಸ್ವಿಟ್ಜರ್ಲೆಂಡಿನ ಕೆ31 ರೈಫಲುಗಳ ಹಿಂಬದಿಯ ತಗಡಿನಡಿ ಸೈನಿಕನ ಹೆಸರಿನ ಚೀಟಿ ಸಿಗುವುದುಂಟು, ಅಂಥದ್ದನ್ನು ಅಪ್ಪಿತಪ್ಪಿಯೂ ಬೇರ್ಪಡಿಸಬಾರದು. ಕೊಡುವ ಮುನ್ನ ಪತ್ರ ಬರೆದು ಕೇಳಬೇಕು, ಸದಾ ಪ್ರದರ್ಶನದಲ್ಲಿಡಬೇಕೆಂಬ ಷರತ್ತು ಹಾಕಬಾರದು. ಹಣಕ್ಕಿಂತ ವಸ್ತುವಿನ ಮುಂದಿನ ಬಾಳು ಮುಖ್ಯವೆನ್ನುವವರಿಗೆ ಮಾತ್ರ ಇದು ಸರಿಯಾದ ಆಯ್ಕೆ.

ನಾನು ಮಾರ್ಟಿನಿಯೊಂದನ್ನು ಸೈನಿಕ ಪಡೆಯೊಂದರ ಸಂಗ್ರಹಾಲಯಕ್ಕೆ ಕೊಡಲು ಮುಂದಾದಾಗ, ತಮ್ಮಲ್ಲಿ ಅಂಥವು ನಾಲ್ಕಿವೆಯೆಂದು ಅವರು ಸೌಜನ್ಯದಿಂದ ಬೇಡವೆಂದರು. ಮಾತಿನ ನಡುವೆ, ನೇಪಾಳದ ನಳಿಗೆಗಳ ಮೇಲಿನ ಬರಹಗಳನ್ನು ನಾನು ಓದಿ ಬರೆದಿಟ್ಟುಕೊಂಡಿದ್ದ ನೋಟುಪುಸ್ತಕದ ವಿಷಯ ಬಂತು. ಅದರ ಪ್ರತಿಯನ್ನು ಅವರು ಕೇಳಿ ಪಡೆದರು. ಉಳಿದ ಒಂಬತ್ತು ಕೋವಿಗಳಲ್ಲಿ ಎರಡರ ಅಚ್ಚನ್ನು ಇನ್ನೂ ತೆಗೆದಿಲ್ಲ. ಮುಂದಿನ ತಿಂಗಳೊಳಗೆ ಕಳುಹಿಸುವುದಾಗಿ ಹೇಳಿದ್ದೇನೆ.